ಗೊಂಬೆ ಕೂರಿಸೋರು ಮನೆ ತುಂಬ, ಎತ್ತಿಡೋರು ಯಾರು?

ದಸರಾ ಮುಗಿದ ವಾರದಲ್ಲಿ ಪ್ರತಿ ವರ್ಷ ಎರಡು ಥರದ ಮಾತು ಕಿವಿಗೆ ಬೀಳುತ್ತೆ. ಒಂದು, "ಅಯ್ಯೋ, ಈಗೆಲ್ಲಾ ಗೊಂಬೆ ಕೂರಿಸೋರೇ ಇಲ್ಲ ಕಣ್ರೀ, ನಮ್ಮ ಸಂಪ್ರದಾಯ ಎಲ್ಲಾ ಹಾಳಾಗಿ ಹೋಯ್ತು" ಅನ್ನೋ ನಿಟ್ಟುಸಿರು. ಇನ್ನೊಂದು, ಹಿಂದಿನ ವಾರ ತೆಗೆದ ಫೋಟೋಗಳನ್ನ ಎಲ್ಲರಿಗೂ ಕಳಿಸಿ "ನಮ್ಮ ಮನೆ ಗೊಂಬೆ ಹಬ್ಬ" ಅಂತ ಬೀಗೋದು. ತಮಾಷೆ ಅಂದ್ರೆ ಎರಡೂ ಮಾತು ಆಡೋರು ಹೆಚ್ಚುಕಮ್ಮಿ ಒಂದೇ ಜನ. ಇನ್ನೂ ದೊಡ್ಡ ತಮಾಷೆ ಅಂದ್ರೆ, ಆ ಫೋಟೋದಲ್ಲಿರೋ ಗೊಂಬೆಗಳನ್ನ ಒಂದೊಂದಾಗಿ ಇಳಿಸಿ, ಧೂಳು ಹೊಡೆದು, ಬಟ್ಟೆ ಸುತ್ತಿ, ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಸೇರಿಸಿದವರು ಅವರಲ್ಲವೇ ಅಲ್ಲ!

ತುಂಬಾ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಇದು, ಇವತ್ತು ಹೇಳೇಬಿಡ್ತೀನಿ. ಗೊಂಬೆ ಹಬ್ಬ ಸಾಯ್ತಾ ಇರೋದು ಟೀವಿಯಿಂದಲ್ಲ, ಇಂಗ್ಲಿಷ್ ಮೀಡಿಯಂನಿಂದಲ್ಲ, ಮೊಬೈಲಿನಿಂದಲೂ ಅಲ್ಲ. ಅಟ್ಟ ಹತ್ತೋರು ಇಲ್ಲದೆ ಸಾಯ್ತಾ ಇದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ನವರಾತ್ರಿಗೆ ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು ಮಾಡಿ, ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸ್ತಾರೆ. ಮೇಲೆ ಕಳಶ, ಪಟ್ಟದ ಗೊಂಬೆ. ಪಟ್ಟದ ಗೊಂಬೆ ಅಂದ್ರೆ ರಾಜ-ರಾಣಿ, ಮದುವೆಯಲ್ಲಿ ತವರಿನವರು ಮಗಳಿಗೆ ಕೊಡೋ ಮರದ ಜೋಡಿ. ಅದರ ಕೆಳಗೆ ದಶಾವತಾರ, ಕೃಷ್ಣನ ಬಾಲಲೀಲೆ, ಮದುವೆ ದಿಬ್ಬಣ, ಅಂಗಡಿ ಮುಂದೆ ಕೂತ ಶೆಟ್ಟರು-ಶೆಟ್ಟಮ್ಮ, ತಲೆಯಾಡಿಸೋ ತಂಜಾವೂರು ಗೊಂಬೆ, ಚನ್ನಪಟ್ಟಣದ ಮರದ ಗೊಂಬೆಗಳು, ತಟ್ಟೆಯಲ್ಲಿ ರಾಗಿ ಪೈರು ಬೆಳೆಸಿ ಮಾಡಿದ ಪಾರ್ಕು. ಸಂಜೆ ಬಂದ ಮಕ್ಕಳಿಗೆ ಗೊಂಬೆ ಬಾಗಿನ. ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಯನ್ನ ಶಾಸ್ತ್ರಕ್ಕೆ ಮಲಗಿಸ್ತಾರೆ. ಅಲ್ಲಿಗೆ ಹಬ್ಬ ಮುಗೀತು ಅಂತ ಎಲ್ಲರ ಲೆಕ್ಕ. ಅಮ್ಮಂದಿರ ಲೆಕ್ಕದಲ್ಲಿ ಮಾತ್ರ ಅರ್ಧ ಮುಗೀತು, ಅಷ್ಟೇ.

ನಮ್ಮದು ಹೊಳೆನರಸೀಪುರ. ಮನೆಯಲ್ಲಿ ಸುಮಾರು ನೂರಾ ನಲವತ್ತು ಗೊಂಬೆಗಳಿವೆ. ಅಜ್ಜಿಯ ತವರಿನಿಂದ ಬಂದದ್ದು, ಅಮ್ಮನ ತವರಿನಿಂದ ಬಂದದ್ದು, ಅಪ್ಪ ಊರೂರು ತಿರುಗಿದಾಗ ತಂದದ್ದು ಎಲ್ಲಾ ಸೇರಿ. 2025ರಲ್ಲಿ ಗೊಂಬೆ ಕೂರಿಸುವಾಗ ಮನೆಯಲ್ಲಿ ಆರು ಜನ ಇದ್ವಿ. ಒಬ್ಬರು ಪೆಟ್ಟಿಗೆ ಬಿಚ್ಚೋದು, ಇಬ್ಬರು ಒರೆಸೋದು, ಒಬ್ಬರು ಜೋಡಿಸೋದು, ಇನ್ನಿಬ್ಬರು ದೂರ ನಿಂತು "ಗರುಡನ್ನ ಸ್ವಲ್ಪ ಎಡಕ್ಕೆ, ಎಡಕ್ಕೆ" ಅನ್ನೋದು :) ನಡುವೆ ಎರಡು ಸಲ ಕಾಫಿ. ಮೂರು ಗಂಟೆಯಲ್ಲಿ ಕೆಲಸ ಮುಗೀತು. ಇಳಿಸುವಾಗ ನಾನು ಮತ್ತೆ ಅಮ್ಮ, ಇಬ್ಬರೇ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ದು, ಕೊನೇ ಪೆಟ್ಟಿಗೆಗೆ ಹಗ್ಗ ಬಿಗಿದಾಗ ಸಂಜೆ ನಾಲ್ಕು.

ಉಳಿದ ನಾಲ್ಕು ಜನ ಎಲ್ಲಿ ಹೋದ್ರು ಅಂತ ಕೇಳಬೇಡಿ. ಸರಿ, ಕೇಳಿ, ಹೇಳ್ತೀನಿ.

ಆ ವರ್ಷ ವಿಜಯದಶಮಿ ಅಕ್ಟೋಬರ್ 2, ಗುರುವಾರ ಬಂದಿತ್ತು. ಶುಕ್ರವಾರ ಅಮ್ಮ ಗೊಂಬೆ ಎತ್ತಿಡಲ್ಲ, ಲಕ್ಷ್ಮಿ ಹೋಗೋ ದಿನ ಅಲ್ಲ ಅಂತ. ಹಾಗಾಗಿ ಶನಿವಾರ. ನಾನೂ ಸಾಫ್ಟ್‌ವೇರ್, ನಮ್ಮಣ್ಣನೂ ಸಾಫ್ಟ್‌ವೇರ್. ಇಬ್ಬರೂ ಇಂಜಿನಿಯರಿಂಗ್ ಓದಿದ್ದೇವೆ, ಇಬ್ಬರಿಗೂ ಬೆಂಗಳೂರಿನಲ್ಲೇ ಆಫೀಸು, ಇಬ್ಬರಿಗೂ ಮ್ಯಾನೇಜರ್ ಕಾಟ ಸಮಾನ. ಗುರುವಾರ ಸಂಜೆ ಬಸ್ಸಿಗೆ ಅಣ್ಣ ಬ್ಯಾಗ್ ಹಿಡ್ಕೊಂಡ, "ನಾಳೆ ಬೆಳಿಗ್ಗೆ ಸ್ಟ್ಯಾಂಡಪ್ ಇದೆ" ಅಂದ. ನನಗೂ ಇತ್ತು. ಅಮ್ಮ ನನ್ನ ಕಡೆ ತಿರುಗಿ, "ನೀನೊಂದಿನ ರಜ ಹಾಕಮ್ಮ, ಪಾಪ ಅವನಿಗೆ ಕೆಲಸ ಇದೆ" ಅಂದ್ರು. ನಾನು ರಜ ಹಾಕಿದೆ. ಶನಿವಾರ ನಾನು ಮತ್ಸ್ಯಾವತಾರಕ್ಕೆ ಹಳೇ ಸೀರೆ ಸುತ್ತುತ್ತಾ ಕೂತಿದ್ದಾಗ ಅಣ್ಣ ಫ್ರೆಂಡ್ಸ್ ಜೊತೆ ಸಕಲೇಶಪುರದ ಯಾವುದೋ ಹೋಂಸ್ಟೇಯಿಂದ ಫೋಟೋ ಕಳಿಸಿದ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗಬೇಕಾದ್ರೆ ಹಾಸನ ದಾಟಿಕೊಂಡೇ ಹೋಗಬೇಕು ಅನ್ನೋದನ್ನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ತಾನೆ?

ಅಣ್ಣ ಕೆಟ್ಟವನಲ್ಲ. ಅಮ್ಮನಿಗೆ ಹುಷಾರಿಲ್ಲ ಅಂದ್ರೆ ರಾತ್ರೋರಾತ್ರಿ ಓಡಿ ಬರ್ತಾನೆ. ಅವನ ತಲೆಯಲ್ಲಿ ಗೊಂಬೆ ಎತ್ತಿಡೋದು ಅನ್ನೋ ಕೆಲಸ ಇಲ್ಲವೇ ಇಲ್ಲ, ಸಮಸ್ಯೆ ಅದು. ಗೊಂಬೆಗಳು ಹಬ್ಬಕ್ಕೆ ಬರ್ತವೆ, ಹಬ್ಬ ಆದ ಮೇಲೆ ತಾವೇ ಹೋಗ್ತವೆ, ಮೋಡ ಬಂದು ಹೋಗೋ ಹಾಗೆ!

ಎತ್ತಿಡೋದು ಅಂದ್ರೆ ಏನು?

"ಅದೇನು ಮಹಾ, ತೆಗೆದು ಡಬ್ಬಕ್ಕೆ ಹಾಕೋದು ತಾನೆ" ಅನ್ನೋರಿಗೆ ಸ್ವಲ್ಪ ವಿವರವಾಗಿಯೇ ಹೇಳ್ತೀನಿ.

ಮೊದಲು ಧೂಳು. ಹತ್ತು ದಿನದಲ್ಲಿ ಅಗರಬತ್ತಿ ಹೊಗೆ, ದೀಪದ ಎಣ್ಣೆ ಜಿಡ್ಡು, ರಸ್ತೆ ಧೂಳು ಎಲ್ಲಾ ಸೇರಿ ಕೂತಿರುತ್ತೆ. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ಹಾಕೋ ಹಾಗಿಲ್ಲ, ಬಣ್ಣ ಎದ್ದು ಬರುತ್ತೆ. ಮೆತ್ತನೆ ಒಣ ಬ್ರಷ್ಷಿನಲ್ಲೇ ಆಗಬೇಕು. ಕಾಗದದ ರುಬ್ಬಿನ ಗೊಂಬೆಗೆ ತೇವ ತಾಗಿದ್ರೆ ಊದಿಕೊಳ್ಳುತ್ತೆ. ಚನ್ನಪಟ್ಟಣದ ಗೊಂಬೆಗಳದ್ದು ಅರಗಿನ ಹೊಳಪು, ಅದಕ್ಕೆ ಒಣ ಹತ್ತಿ ಬಟ್ಟೆ ಸಾಕು, ಆದ್ರೆ ಬಿಸಿಲಲ್ಲಿ ಇಡೋ ಹಾಗಿಲ್ಲ. ಕುಂಕುಮ ಬಿದ್ದ ಗೊಂಬೆಯನ್ನ ಆಗಲೇ ನೋಡಿ ಒರೆಸದಿದ್ರೆ ಮುಂದಿನ ವರ್ಷಕ್ಕೆ ಕಲೆ ಖಾಯಂ.

ಆಮೇಲೆ ಸುತ್ತೋದು. ಹೊಸ ಬಟ್ಟೆ ಆಗಲ್ಲ, ಅದು ಬಿರುಸು. ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಸೀರೆ, ಹಳೇ ಪಂಚೆ ಚೂರು ಬೇಕು. ಅಮ್ಮ ಅದನ್ನ ವರ್ಷವೆಲ್ಲಾ ಕೂಡಿಡ್ತಾರೆ. ರಾಮನ ಬಿಲ್ಲು, ಕೃಷ್ಣನ ಕೊಳಲು, ನವಿಲಿನ ಕೊಕ್ಕು, ಸರಸ್ವತಿಯ ವೀಣೆ ಇವೆಲ್ಲಾ ಮುರಿಯೋಕೆ ಅಂತಲೇ ಮುಂದೆ ಚಾಚಿಕೊಂಡಿರ್ತವೆ, ಅವುಗಳ ಸಂದಿಗೆ ಮೊದಲು ಹತ್ತಿ ತುಂಬಬೇಕು. ಬಟ್ಟೆ ಮೇಲೆ ಕಾಗದ. ನ್ಯೂಸ್ ಪೇಪರ್ ನೇರವಾಗಿ ಸುತ್ತಿದ್ರೆ ಅದರ ಶಾಯಿ ಗೊಂಬೆ ಮೈಗೆ ಹತ್ತುತ್ತೆ. ಭಾರದ್ದು ತಳದಲ್ಲಿ, ಹಗುರದ್ದು ಮೇಲೆ. ಜೋಡಿ ಗೊಂಬೆ ಒಟ್ಟಿಗೆ, ಸೆಟ್ಟಿನ ಗೊಂಬೆ ಒಂದೇ ಡಬ್ಬದಲ್ಲಿ. ಇಲ್ಲದಿದ್ರೆ ಮುಂದಿನ ವರ್ಷ ದಶಾವತಾರದಲ್ಲಿ ಒಂಬತ್ತೇ ಸಿಕ್ಕಿ, ವಾಮನನನ್ನ ಹುಡುಕಿ ಹುಡುಕಿ ಸಾಕಾಗುತ್ತೆ.

ಹುಳದ್ದು ಇನ್ನೊಂದು ಕಥೆ. ಬಟ್ಟೆ, ಕಾಗದ, ಅಂಟು ಇದ್ದ ಕಡೆ ಬೆಳ್ಳಿಹುಳ ಬಂದೇ ಬರುತ್ತೆ. ಒಣಗಿದ ಬೇವಿನ ಸೊಪ್ಪು, ಮೆಣಸಿನಕಾಳಿನ ಗಂಟು, ಇಲ್ಲಾಂದ್ರೆ ನುಸಿಗುಳಿಗೆ. ನುಸಿಗುಳಿಗೆಯನ್ನ ಬಟ್ಟೆ ಚೂರಲ್ಲಿ ಕಟ್ಟಿಡಬೇಕು, ಪ್ಲಾಸ್ಟಿಕ್ ಗೊಂಬೆಗೆ ತಾಗಿದ್ರೆ ಅದು ಮೆತ್ತಗಾಗಿ ಅಂಟಿಕೊಳ್ಳುತ್ತೆ. ಹಸುಗೂಸು ಇರೋ ಮನೆಯಲ್ಲಿ ಅದು ಬೇಡವೇ ಬೇಡ, ಕೆಲವು ಮಕ್ಕಳಿಗೆ ಆ ವಾಸನೆಯಿಂದ ರಕ್ತದ ಕೆಂಪುಕಣಗಳೇ ಒಡೆಯೋ ಅಪಾಯ ಇದೆ. ಪೆಟ್ಟಿಗೆಯನ್ನ ಗೋಡೆಗೆ ಒತ್ತಿ ಇಡೋ ಹಾಗಿಲ್ಲ, ಮಳೆಗಾಲದಲ್ಲಿ ಗೋಡೆ ತೇವ ಎಳೆಯುತ್ತೆ. ಕೆಳಗೆ ಎರಡು ಹಲಗೆ ಇರಬೇಕು.

ಗೊಂಬೆ ಆದ ಮೇಲೆ ಉಳಿದದ್ದು: ಕಬ್ಬಿಣದ ಮೆಟ್ಟಿಲು ಬಿಚ್ಚೋದು, ಅದರ ನಟ್ಟು ಬೋಲ್ಟು ಎಣಿಸಿ ಚೀಲದಲ್ಲಿ ಕಟ್ಟೋದು, ಸೀರಿಯಲ್ ಸೆಟ್ಟನ್ನ ಗಂಟು ಬೀಳದ ಹಾಗೆ ರಟ್ಟಿಗೆ ಸುತ್ತೋದು, ಎಣ್ಣೆಯಾದ ಪಂಚೆ ನೆನೆಹಾಕೋದು, ಕಳಶದ ತೆಂಗಿನಕಾಯಿ ವಿಲೇವಾರಿ, ರಾಗಿ ಪೈರಿನ ಮಣ್ಣು ಗಿಡದ ಬುಡಕ್ಕೆ, ಬಾಗಿಲ ಮಾವಿನ ತೋರಣ ಗೊಬ್ಬರದ ಗುಂಡಿಗೆ. ಕೊನೆಗೆ ಏಣಿ. ಅಟ್ಟ.

ಇದನ್ನೆಲ್ಲಾ ಯಾಕೆ ಇಷ್ಟುದ್ದ ಬರೆದೆ ಅಂದ್ರೆ, ಇದು ಒಂದು ವಿದ್ಯೆ. ನಮ್ಮ ಮನೆಯ ಪಟ್ಟದ ಗೊಂಬೆಗೆ ಮೂರು ತಲೆಮಾರು ಆಗಿದ್ರೂ ರಾಣಿಯ ಮೂಗು ಮುಕ್ಕಾಗಿಲ್ಲ ಅಂದ್ರೆ, ಅದು ಕೂರಿಸಿದವರ ಕೈಗುಣದಿಂದಲ್ಲ. ವರ್ಷಕ್ಕೆ ಹತ್ತು ದಿನ ಅದು ಮೆಟ್ಟಿಲ ಮೇಲಿರುತ್ತೆ, ಉಳಿದ ಮುನ್ನೂರ ಐವತ್ತೈದು ದಿನ ಪೆಟ್ಟಿಗೆಯಲ್ಲಿರುತ್ತೆ. ಎತ್ತಿಟ್ಟ ಕೈಯೇ ಅದನ್ನ ಉಳಿಸಿದ್ದು. ಈ ವಿದ್ಯೆಗೆ ಹೆಸರಿಲ್ಲ, ಹೊಗಳಿಕೆ ಇಲ್ಲ. "ಎಷ್ಟು ಚೆನ್ನಾಗಿ ಕೂರಿಸಿದ್ದೀರಿ" ಅಂತ ಬಂದವರೆಲ್ಲಾ ಹೇಳ್ತಾರೆ. "ಎಷ್ಟು ಚೆನ್ನಾಗಿ ಎತ್ತಿಟ್ಟಿದ್ದೀರಿ" ಅಂತ ಯಾರಾದ್ರೂ ಹೇಳಿದ್ದು ನೀವು ಕೇಳಿದ್ದೀರಾ?

ಅರಕಲಗೂಡಿನ ಪೆಟ್ಟಿಗೆ

ನಮ್ಮ ದೊಡ್ಡಮ್ಮ ಇರೋದು ಅರಕಲಗೂಡಿನಲ್ಲಿ. ನಮ್ಮ ಕಡೆ ಎಲ್ಲರಿಗಿಂತ ಚೆಂದ ಗೊಂಬೆ ಕೂರಿಸ್ತಾ ಇದ್ದಿದ್ದು ಅವರು. ಮೂರು ವರ್ಷದಿಂದ ಕೂರಿಸಿಲ್ಲ. ಮದುವೆ ಮನೆಗಳಲ್ಲಿ ಈ ವಿಷಯ ಬಂದಾಗ ನೆಂಟರೆಲ್ಲಾ ಸೇರಿ ಕಾರಣ ಹುಡುಕ್ತಾರೆ. "ಮಕ್ಕಳೆಲ್ಲಾ ದೂರ ಇದ್ದಾರೆ, ಉತ್ಸಾಹ ಇಲ್ಲ", "ನೋಡೋಕೆ ಬರೋರಿಲ್ಲ", "ಕಾಲ ಬದಲಾಯ್ತು".

ನಾನು ದೊಡ್ಡಮ್ಮನನ್ನೇ ಕೇಳಿದೆ. "ಕೂರ್ಸೋದು ಹೇಗೋ ಆಗುತ್ತೆ ಕಣೆ, ಹುಡುಗರು ಹಬ್ಬಕ್ಕೆ ಬರ್ತಾರೆ, ಇಳಿಸಿಕೊಡ್ತಾರೆ. ಆಮೇಲೆ ಹೊರಟುಹೋಗ್ತಾರೆ. ಆಮೇಲಿಂದು ನನ್ನ ಕೈಲಿ ಆಗಲ್ಲ. ಮಂಡಿ ನೋವು. ಹಿಂದಿನ ಸಲ ದೀಪಾವಳಿ ತನಕ ಗೊಂಬೆ ನಡುಮನೇಲೇ ಕೂತಿದ್ವು. ನನಗೇ ನಾಚಿಕೆ ಆಯ್ತು" ಅಂದ್ರು.

ಅಷ್ಟೇ ಕಾರಣ. ಕಾಲ ಬದಲಾಗಲಿಲ್ಲ, ಭಕ್ತಿ ಕಮ್ಮಿ ಆಗಲಿಲ್ಲ. ಮಂಡಿ ಸವೆಯಿತು, ಆ ಮಂಡಿಯ ಬದಲು ಇನ್ನೊಂದು ಮಂಡಿ ಯಾರೂ ಕೊಡಲಿಲ್ಲ. ಅರಕಲಗೂಡು ಅಂದ್ರೆ ಅರೆಮಲೆನಾಡು, ಮಳೆಗಾಲದಲ್ಲಿ ಅಟ್ಟದ ಮೇಲೆ ತೇವ ನಿಲ್ಲುತ್ತೆ. ಮೂರು ವರ್ಷದಿಂದ ಬಿಚ್ಚದೆ, ಗಾಳಿಗೆ ಒಡ್ಡದೆ, ಬೇವಿನ ಸೊಪ್ಪು ಬದಲಾಯಿಸದೆ ಇಟ್ಟ ಆ ಪೆಟ್ಟಿಗೆಯಲ್ಲಿ ಈಗ ಏನು ಉಳಿದಿದೆಯೋ ನೋಡೋ ಧೈರ್ಯ ದೊಡ್ಡಮ್ಮನಿಗೇ ಇಲ್ಲ. ಅವರ ಮೂರು ಜನ ಗಂಡುಮಕ್ಕಳಿಗೆ ಮಾತ್ರ "ನಮ್ಮಮ್ಮನ ಗೊಂಬೆ" ಅಂದ್ರೆ ಇವತ್ತಿಗೂ ಕಣ್ಣು ತುಂಬಿ ಬರುತ್ತೆ. ಕಣ್ಣು ತುಂಬೋದು ಸುಲಭ. ಪೆಟ್ಟಿಗೆ ತುಂಬೋದು ಕಷ್ಟ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲೇ ಇದೆ. ಚನ್ನರಾಯಪಟ್ಟಣದಲ್ಲಿ ನಮ್ಮ ಸೋದರತ್ತೆ ಮನೆ. ಅತ್ತೆಗೂ ಮಂಡಿ ನೋವು, ಅತ್ತೆಗೂ ಅರವತ್ತು ದಾಟಿದೆ. ಆದ್ರೂ ಅಲ್ಲಿ ಇವತ್ತಿಗೂ ಒಂಬತ್ತು ಮೆಟ್ಟಿಲು! ಗುಟ್ಟು ಏನಪ್ಪಾ ಅಂದ್ರೆ, ಮಾವ ವಿಜಯದಶಮಿ ಆದ ಮೇಲೆ ಬರೋ ಮೊದಲನೇ ಭಾನುವಾರವನ್ನ ಅದಕ್ಕೇ ಮೀಸಲಿಡ್ತಾರೆ. ಅಳಿಯಂದಿರೂ ಸೇರಿ ಎಲ್ಲರೂ ಬರಬೇಕು. ಅತ್ತೆ ಕುರ್ಚಿಯಲ್ಲಿ ಕೂತು "ಅದಕ್ಕೆ ಹಳದಿ ಬಟ್ಟೆ ಕಣೋ" ಅಂತ ಹೇಳ್ತಾರೆ, ಹುಡುಗರು ಸುತ್ತುತ್ತಾರೆ. ಮಧ್ಯಾಹ್ನ ಬಿಸಿಬೇಳೆಭಾತ್. ಎರಡೂವರೆ ಗಂಟೆಯಲ್ಲಿ ಎಲ್ಲಾ ಖಾಲಿ. ಎರಡೂ ಮನೆಗೆ ಅದೇ ಕಾಲ, ಅದೇ ಮೊಬೈಲು, ಅದೇ ಬೆಂಗಳೂರು. ಹಾಗಿದ್ದ ಮೇಲೆ ಒಂದು ಮನೆಯಲ್ಲಿ ಹಬ್ಬ ನಿಂತಿದ್ದಕ್ಕೂ ಇನ್ನೊಂದು ಮನೆಯಲ್ಲಿ ಉಳಿದಿದ್ದಕ್ಕೂ ಕಾಲವನ್ನ ಯಾಕೆ ಬೈಯಬೇಕು?

ಕೇಳಿ ಕೇಳಿ ಸಾಕಾದ ನೆಪಗಳು

1. "ಅದು ಹೆಂಗಸರಿಗೇ ಚೆನ್ನಾಗಿ ಬರೋದು. ನಾವು ಮುಟ್ಟಿದ್ರೆ ಒಡೆದು ಹಾಕ್ತೀವಿ."

ಹೌದಾ? ಬೈಕಿನ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸೋ ಕೈ, ಲ್ಯಾಪ್‌ಟಾಪ್ ಬಿಚ್ಚಿ ರ‍್ಯಾಮ್ ಬದಲಾಯಿಸೋ ಕೈ ಮಣ್ಣಿನ ಗಿಣಿ ಮುಟ್ಟಿದ ಕೂಡಲೇ ನಡುಗುತ್ತಾ? ಮೈಸೂರು ಅರಮನೆಯ ರತ್ನಖಚಿತ ಸಿಂಹಾಸನದ ವಿಷಯ ಗೊತ್ತಿರಬೇಕಲ್ಲ. ಅದು ವರ್ಷವಿಡೀ ದರ್ಬಾರ್ ಹಾಲಿನಲ್ಲಿ ಇರಲ್ಲ. ಬಿಡಿ ಭಾಗಗಳಾಗಿ ಭದ್ರತಾ ಕೊಠಡಿಯಲ್ಲಿರುತ್ತೆ. ನವರಾತ್ರಿಗೆ ಮುಂಚೆ ಅದನ್ನ ತಂದು ಜೋಡಿಸ್ತಾರೆ, ದಸರಾ ಮುಗಿದ ಮೇಲೆ ಮತ್ತೆ ಬಿಡಿಸಿ ಒಳಗಿಡ್ತಾರೆ. ಆ ಹೊತ್ತಿನಲ್ಲಿ ಪ್ರವಾಸಿಗರನ್ನೂ ಒಳಗೆ ಬಿಡಲ್ಲ. ಈ ಕೆಲಸ ಮಾಡೋರು ಮೈಸೂರಿನ ಹತ್ತಿರದ ಗೆಜ್ಜಗಳ್ಳಿ ಊರಿನ ಗಂಡಸರು. ಚಿನ್ನದ ಸಿಂಹಾಸನವನ್ನೇ ಗಂಡಸರು ಬಿಡಿಸಿ ಎತ್ತಿಡಬಹುದಂತೆ, ಶೆಟ್ಟರ ಗೊಂಬೆ ಎತ್ತಿಡೋಕೆ ಆಗಲ್ವಂತೆ!

2. "ನಾವು ಬೇರೆ ಕೆಲಸ ಮಾಡ್ತೀವಲ್ಲ."

ಯಾರು ಎಷ್ಟು ಮಾಡ್ತಾರೆ ಅನ್ನೋದಕ್ಕೆ ಸರ್ಕಾರದ ಲೆಕ್ಕವೇ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಕೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಗಮನಿಸಿ, ಇದು ಆ ಕೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ. ಮುಟ್ಟದೇ ಇದ್ದವರು ಇದರಲ್ಲಿ ಸೇರಿಲ್ಲ! ಹಬ್ಬದ ವಾರದ ಲೆಕ್ಕ ಬೇರೆ ತೆಗೆದ್ರೆ ಹೇಗಿರುತ್ತೆ ಅಂತ ನಿಮ್ಮ ನಿಮ್ಮ ಅಡುಗೆಮನೆ ನೋಡಿ ನೀವೇ ಹೇಳಿ.

3. "ಕಷ್ಟ ಆದ್ರೆ ಬಿಟ್ಟುಬಿಡಿ, ಯಾರು ಮಾಡಿ ಅಂದ್ರು?"

ಇದು ಎಲ್ಲಕ್ಕಿಂತ ಜಾಣ ನೆಪ. ಇದನ್ನ ಹೇಳೋರು ದಸರಾಕ್ಕೆ ಮನೆಗೆ ಬಂದಾಗ ಗೊಂಬೆ ಇಲ್ಲದಿದ್ರೆ "ಏನಮ್ಮಾ, ಈ ಸಲ ಹಬ್ಬದ ಕಳೇನೇ ಇಲ್ಲ" ಅಂತ ಮುಖ ಸಣ್ಣ ಮಾಡ್ಕೊಳ್ತಾರೆ. ಕಳೆ ಬೇಕು, ಕೆಲಸ ಬೇಡ. ಬಿಡಬೇಕೋ ಉಳಿಸಿಕೊಳ್ಳಬೇಕೋ ಅನ್ನೋ ತೀರ್ಮಾನ ಮಾಡೋ ಹಕ್ಕು ಸುತ್ತಿ ಎತ್ತಿಡೋರದ್ದು, ಸೋಫಾ ಮೇಲೆ ಕೂತೋರದ್ದಲ್ಲ.

4. "ಈಗ ರೆಡಿಮೇಡ್ ಸಿಗುತ್ತಲ್ಲ, ಹಬ್ಬ ಆದ ಮೇಲೆ ಬಿಸಾಕಿದ್ರಾಯ್ತು."

ಹಾಸನದಲ್ಲಿ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಈಗ ಇದೇ ಪದ್ಧತಿ. ಗಣೇಶನಿಗೆ ಥರ್ಮಕೋಲ್ ಮಂಟಪ, ವರಮಹಾಲಕ್ಷ್ಮಿಗೆ ಪ್ಲಾಸ್ಟಿಕ್ ಹೂವಿನ ಪರದೆ, ಹಬ್ಬ ಮುಗಿದ ಮಾರನೇ ದಿನ ಕಸದ ಗಾಡಿಗೆ. "ನೋಡು, ನಿಮ್ಮ ಚಿಕ್ಕಮ್ಮನಿಗೆ ಎಷ್ಟು ಆರಾಮ" ಅಂತ ಚಿಕ್ಕಪ್ಪ ಹೇಳ್ತಾರೆ. ಚಿಕ್ಕಮ್ಮನಿಗೆ ಆರಾಮ, ನಿಜ. ಆದ್ರೆ ಕೆಲಸ ಕರಗಿಹೋಗಲಿಲ್ಲ. ಬೆಳಿಗ್ಗೆ ಗಾಡಿ ಜೊತೆ ಬರೋ ಪೌರಕಾರ್ಮಿಕ ಹೆಂಗಸಿನ ತಲೆ ಮೇಲೆ ಬಿತ್ತು, ಅಷ್ಟೇ. ಅಂದಹಾಗೆ ಅಲಂಕಾರದ ಥರ್ಮಕೋಲ್ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ. ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿ ಕಿವಿಕಡ್ಡಿ, ಬಲೂನು ಕಡ್ಡಿಗಳ ಜೊತೆ ಅದರ ಹೆಸರೂ ಇದೆ. ಆದ್ರೂ ಗಣೇಶನ ಹಬ್ಬ ಆದ ಮೇಲೆ ನಮ್ಮೂರಲ್ಲಿ ಹೇಮಾವತಿ ಹೊಳೆ ದಂಡೆಗೆ ಹೋದ್ರೆ ಬಿಳಿ ಉಂಡೆಗಳು ತೇಲೋದನ್ನ ನಾನೇ ಕಂಡಿದ್ದೀನಿ. ಥರ್ಮಕೋಲ್ ಕೊಳೆಯಲ್ಲ, ಚೂರು ಚೂರಾಗುತ್ತೆ, ಅಷ್ಟೇ. ಹಳಬರ ಹತ್ತಿರ ಎರಡೇ ಥರದ ಅಲಂಕಾರ ಇತ್ತು. ಮಾವಿನ ಸೊಪ್ಪು, ಬಾಳೆಕಂದು, ಚೆಂಡುಹೂವಿನ ಥರ ಮಣ್ಣಿಗೆ ಸೇರೋದು ಒಂದು, ಗೊಂಬೆ, ಬೆಳ್ಳಿ ಸಾಮಾನಿನ ಥರ ಮೊಮ್ಮಕ್ಕಳಿಗೆ ಸೇರೋದು ಇನ್ನೊಂದು. ಮಣ್ಣಿಗೂ ಸೇರದ, ಮೊಮ್ಮಕ್ಕಳಿಗೂ ಸೇರದ ಮೂರನೇದನ್ನ ಕಂಡುಹಿಡಿದೋರು ನಾವೇ.

ಬಾಗಿಲು ಮುಚ್ಚೋದೂ ಪೂಜೆಯೇ

ಹಾಗಂತ ಎತ್ತಿಡೋದಕ್ಕೆ ನಮ್ಮ ಸೀಮೆಯಲ್ಲಿ ಗೌರವವೇ ಇಲ್ಲ ಅಂತಲ್ಲ. ನಮ್ಮ ಹಾಸನದ ಹಾಸನಾಂಬೆಯನ್ನೇ ನೋಡಿ. ಆಶ್ವಯುಜ ಹುಣ್ಣಿಮೆ ಆದ ಮೇಲೆ ಬರೋ ಮೊದಲ ಗುರುವಾರ ಬಾಗಿಲು ತೆರೆದ್ರೆ ಬಲಿಪಾಡ್ಯಮಿ ಆದ ಮೇಲೆ ಮುಚ್ಚೋದು, ಮತ್ತೆ ಮುಂದಿನ ವರ್ಷವೇ. ತೆರೆಯೋಕೆ ಮುಂಚೆ ದೇವಿಯ ಒಡವೆಗಳು ಜಿಲ್ಲಾ ಖಜಾನೆಯಿಂದ ಮೆರವಣಿಗೆಯಲ್ಲಿ ಬರ್ತವೆ. ಮುಚ್ಚುವಾಗ ದೀಪ ಹಚ್ಚಿ, ಹೂವಿಟ್ಟು, ನೈವೇದ್ಯ ಇಟ್ಟು ಬಾಗಿಲು ಹಾಕ್ತಾರೆ. ಮುಂದಿನ ವರ್ಷ ತೆರೆದಾಗ ದೀಪ ಉರೀತಾನೇ ಇರುತ್ತೆ, ಹೂವು ಬಾಡಿರಲ್ಲ ಅನ್ನೋದು ಜನರ ನಂಬಿಕೆ. ನಂಬೋದು ಬಿಡೋದು ನಿಮಗೆ ಸೇರಿದ್ದು, ನನ್ನ ವಾದ ಅದಲ್ಲ. ಮುಚ್ಚೋ ದಿನಕ್ಕೂ ಅಲ್ಲಿ ತೆರೆಯೋ ದಿನದಷ್ಟೇ ಗತ್ತು ಇದೆ. ಅಧಿಕಾರಿಗಳು ಎರಡಕ್ಕೂ ನಿಂತಿರ್ತಾರೆ, ಪೇಪರಿನಲ್ಲಿ ಎರಡೂ ಸುದ್ದಿ ಆಗುತ್ತೆ. "ತೆರೆಯೋದು ನಮ್ಮ ಕೆಲಸ, ಮುಚ್ಚೋದನ್ನ ಯಾರಾದ್ರೂ ಹೆಂಗಸರು ನೋಡ್ಕೊಳ್ಳಲಿ" ಅಂತ ಯಾರೂ ಬಸ್ ಹತ್ತಿ ಹೋಗಲ್ಲ. ಇಷ್ಟು ಶಿಸ್ತಾಗಿ ಬಾಗಿಲು ಮುಚ್ಚೋ ಊರಿನವರು ನಾವು. ಮನೆಯ ಗೊಂಬೆ ಪೆಟ್ಟಿಗೆ ಮುಚ್ಚೋವಾಗ ಮಾತ್ರ ಎಲ್ಲಿ ಮಾಯವಾಗ್ತೀವಿ?

ಹೊರಗಿನ ಲೋಕವೂ ಈ ವಿಷಯದಲ್ಲಿ ಬಲು ಮಜವಾಗಿದೆ. ಜಪಾನಿನಲ್ಲಿ ಮಾರ್ಚ್ 3ಕ್ಕೆ ಹೆಣ್ಣುಮಕ್ಕಳ ಹಬ್ಬ, ಹಿನಮತ್ಸುರಿ ಅಂತ. ಥೇಟ್ ನಮ್ಮದೇ ಥರ ಮೆಟ್ಟಿಲು ಕಟ್ಟಿ, ಕೆಂಪು ಬಟ್ಟೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ಚಕ್ರವರ್ತಿ-ಚಕ್ರವರ್ತಿನಿ ಗೊಂಬೆ ಜೋಡಿ ಕೂರಿಸ್ತಾರೆ! ಹಬ್ಬ ಆದ ಮೇಲೆ ಗೊಂಬೆ ಬೇಗ ಎತ್ತಿಡದಿದ್ರೆ ಮನೆ ಮಗಳ ಮದುವೆ ತಡ ಆಗುತ್ತೆ ಅಂತ ಅಲ್ಲಿ ಒಂದು ನಂಬಿಕೆ. ನೋಡಿ, ತಡ ಮಾಡಿದ್ರೆ ಶಿಕ್ಷೆ ಮಗಳಿಗೇ, ಮಗನಿಗಲ್ಲ. ಲೋಕದ ಎಲ್ಲಾ ಕಡೆ ಹಗ್ಗ ಬಿಗಿಯೋದು ಒಂದೇ ಕಡೆಗೆ. ಸ್ವೀಡನ್ನಿನಲ್ಲಿ ಇನ್ನೊಂದು ಥರ. ಜನವರಿ 13, ಸಂತ ಕ್ನೂಟನ ದಿನ, ಕ್ರಿಸ್‌ಮಸ್ ಮರ ಇಳಿಸೋದೇ ಒಂದು ಹಬ್ಬ. ಮಕ್ಕಳನ್ನ ಕರೆದು, ಮರದ ಸುತ್ತ ಕುಣಿಸಿ, ಅದಕ್ಕೆ ಕಟ್ಟಿದ ಮಿಠಾಯಿ ಹಂಚಿ, ಆಮೇಲೆ ಮರ ಆಚೆಗೆ. ಇಳಿಸೋ ಕೆಲಸಕ್ಕೇ ಮಿಠಾಯಿ ಇಟ್ಟುಬಿಟ್ರೆ ಯಾರು ಬೇಡ ಅಂತಾರೆ? ನಮ್ಮ ಚನ್ನರಾಯಪಟ್ಟಣದ ಮಾವನಿಗೆ ಸ್ವೀಡನ್ ಎಲ್ಲಿದೆ ಅಂತ ಗೊತ್ತಿಲ್ಲದೇ ಇರಬಹುದು, ಆದ್ರೆ ಬಿಸಿಬೇಳೆಭಾತಿನ ಮರ್ಮ ಗೊತ್ತಿದೆ :)

ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದ್ರೆ, ಮೆಮೊರಿ ತಗೊಂಡು ವಾಪಸ್ ಕೊಡದೇ ಇರೋ ಪ್ರೋಗ್ರಾಂ ಬರೆದ್ರೆ ರಿವ್ಯೂನಲ್ಲಿ ಉಗೀತಾರೆ. ತೆಗೆದುಕೊಂಡವನೇ ಬಿಡಬೇಕು ಅನ್ನೋದು ಮೊದಲ ಪಾಠ. ದಿನಾ ಆಫೀಸಿನಲ್ಲಿ ಇದನ್ನ ಬೋಧಿಸೋ ಮಹಾಶಯರು ಮನೆಗೆ ಬಂದ ಕೂಡಲೇ ಅಮ್ಮ ಅನ್ನೋ ಗಾರ್ಬೇಜ್ ಕಲೆಕ್ಟರ್ ಹಿಂದೆ ಓಡ್ತಾ ಇರ್ತಾರೆ ಅಂತ ನಂಬ್ಕೊಂಡು ಆರಾಮಾಗಿ ಮಲಗ್ತಾರೆ.

ಹಾಗಾದ್ರೆ ಏನು ಮಾಡೋಣ?

ಬರೀ ಬೈದು ಮುಗಿಸಲ್ಲ. ನನ್ನ ಬೇಡಿಕೆಗಳು ಸಣ್ಣವು.

ಗೊಂಬೆ ಎತ್ತಿಡೋ ದಿನವೂ ಹಬ್ಬದ ದಿನವೇ. ರಜ ಹಾಕುವಾಗ, ಟಿಕೆಟ್ ಬುಕ್ ಮಾಡುವಾಗ ಅದನ್ನ ಸೇರಿಸಿ. ಎರಡು ತಿಂಗಳು ಮುಂಚೆ ಊರಿಗೆ ಹೋಗೋ ಟಿಕೆಟ್ ಮಾಡೋಕೆ ನೆನಪಿರುತ್ತೆ ಅಂದ್ರೆ, ವಾಪಸ್ ಬರೋದನ್ನ ಎರಡು ದಿನ ಮುಂದಕ್ಕೆ ಹಾಕೋಕೂ ನೆನಪಿರಲಿ.

ಇಳಿಸೋಕೆ ಮುಂಚೆ ಮೆಟ್ಟಿಲು ಮೆಟ್ಟಿಲಿಗೂ ಒಂದೊಂದು ಫೋಟೋ ತೆಗೀರಿ. ಜಂಬಕ್ಕಲ್ಲ, ಲೆಕ್ಕಕ್ಕೆ. ಪೆಟ್ಟಿಗೆಗಳಿಗೆ ನಂಬರ್ ಹಾಕಿ, ಯಾವುದರಲ್ಲಿ ಏನಿದೆ ಅಂತ ಒಂದು ಪಟ್ಟಿ ಮುಚ್ಚಳದ ಒಳಗೆ ಅಂಟಿಸಿ. ಈಗ ಆ ಪಟ್ಟಿ ಇರೋದು ಅಮ್ಮನ ತಲೆಯಲ್ಲಿ ಮಾತ್ರ. ಅದಕ್ಕೆ ಬ್ಯಾಕಪ್ ಇಲ್ಲ.

ಯಾವ ಗೊಂಬೆ ಯಾರ ತವರಿನದು, ಯಾವ ವರ್ಷದ್ದು ಅಂತ ಸುತ್ತುವಾಗಲೇ ಕೇಳಿ. ನಮ್ಮಜ್ಜಿಯ ಬಗ್ಗೆ ನನಗೆ ಗೊತ್ತಿರೋ ಅರ್ಧ ವಿಷಯ ಗೊಂಬೆ ಎತ್ತಿಡುವಾಗ ಅಮ್ಮನ ಬಾಯಿಂದ ಬಂದದ್ದು. ಕೂರಿಸುವಾಗ ಗಲಾಟೆ, ಯಾರ ಮಾತೂ ಯಾರಿಗೂ ಕೇಳಲ್ಲ. ಇಳಿಸುವಾಗ ಮನೆ ತಣ್ಣಗಿರುತ್ತೆ, ಆಗ ಮಾತು ಬರುತ್ತೆ. ಸಕಲೇಶಪುರಕ್ಕೆ ಹೋದವರಿಗೆ ಅದು ನಷ್ಟ, ಅವರಿಗೆ ನಷ್ಟ ಆಗಿದೆ ಅಂತಲೂ ಗೊತ್ತಾಗಲ್ಲ.

ಏಣಿ ಹತ್ತೋದು ಮನೆಯಲ್ಲಿ ಗಟ್ಟಿ ಮಂಡಿ ಯಾರಿಗಿದೆಯೋ ಅವರ ಕೆಲಸ. ಗಂಡು ಹೆಣ್ಣು ಅಂತಿಲ್ಲ. ಅರವತ್ತು ದಾಟಿದವರನ್ನ ಏಣಿ ಹತ್ತಿಸಿ, ಕೆಳಗೆ ನಿಂತು "ಹುಷಾರು ಅಮ್ಮಾ" ಅನ್ನೋದು ಸಹಾಯ ಅಲ್ಲ.

ಇಷ್ಟೂ ಆಗಲ್ಲ ಅಂದ್ರೆ ಒಂಬತ್ತು ಮೆಟ್ಟಿಲನ್ನ ಮೂರಕ್ಕೆ ಇಳಿಸಿ, ತಪ್ಪೇನಿಲ್ಲ. ಪಟ್ಟದ ಗೊಂಬೆ, ಕಳಶ, ಹತ್ತಾರು ಗೊಂಬೆ ಇದ್ರೂ ಹಬ್ಬ ಹಬ್ಬವೇ. ಆದ್ರೆ "ಈ ಸಲ ಮೂರೇನಾ?" ಅಂತ ಮೂಗು ಮುರಿಯೋಕೆ ಬಾಯಿ ತೆರೆಯೋ ಮುಂಚೆ ಹಿಂದಿನ ವರ್ಷ ನೀವೆಷ್ಟು ಗೊಂಬೆ ಸುತ್ತಿದ್ರಿ ಅಂತ ನೆನಪು ಮಾಡ್ಕೊಳ್ಳಿ.

ಗೊಂಬೆ ಕೂರಿಸೋ ಪದ್ಧತಿ ಇಲ್ಲದವರು "ನಮಗೆ ಇದು ಸಂಬಂಧ ಇಲ್ಲ" ಅನ್ನೋ ಹಾಗಿಲ್ಲ. ಗೌರಿ-ಗಣೇಶದ ಮಂಟಪ, ದೀಪಾವಳಿಯ ಆಕಾಶಬುಟ್ಟಿ, ಮಣ್ಣಿನ ಹಣತೆ, ವರಮಹಾಲಕ್ಷ್ಮಿಯ ಕಳಶಕ್ಕೆ ಉಡಿಸಿದ ಸೀರೆ, ಎಲ್ಲವನ್ನೂ ಯಾರೋ ಇಳಿಸಿಯೇ ಇಳಿಸ್ತಾರೆ. ನಮ್ಮ ಟೀಮಿನ ಕ್ರಿಶ್ಚಿಯನ್ ಗೆಳತಿ ಕೂಡ ಇದೇ ಹೇಳಿದ್ಲು, ಗೋದಲಿ ಕಟ್ಟೋಕೆ ಬೀದಿ ಹುಡುಗರೆಲ್ಲಾ ಸೇರ್ತಾರೆ, ಜನವರಿ 6 ಆದ ಮೇಲೆ ಹುಲ್ಲು ಗುಡಿಸೋಕೆ ಅವಳಮ್ಮ ಒಬ್ಬರೇ ಅಂತ. ಈ ವಿಷಯದಲ್ಲಿ ಎಲ್ಲಾ ಮತಗಳಲ್ಲೂ ಎಂಥಾ ಒಗ್ಗಟ್ಟು ನೋಡಿ!

ಸಂಪ್ರದಾಯ ಉಳಿಸಬೇಕು ಅಂತ ಉದ್ದುದ್ದ ಮೆಸೇಜು ಕಳಿಸೋ ಅಣ್ಣಂದಿರಿಗೆ, ಮಾವಂದಿರಿಗೆ, ಚಿಕ್ಕಪ್ಪಂದಿರಿಗೆ ನನ್ನದು ಒಂದೇ ಪ್ರಶ್ನೆ. ನಿಮ್ಮ ಮನೆ ಗೊಂಬೆ ಪೆಟ್ಟಿಗೆ ಅಟ್ಟದ ಯಾವ ಮೂಲೆಯಲ್ಲಿದೆ ಅಂತ ಗೊತ್ತಾ? ಗೊತ್ತಿಲ್ಲ ಅಂದ್ರೆ ಸಂಪ್ರದಾಯದ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಏಣಿ ತನ್ನಿ.